ಬಯಲ್ನಾಡಿನಲ್ಲಿ ನಾಲ್ಕು ದಿನ: ಕಾರು ಎಲ್ಲಿಗೆ, ಇ-ಸೈಕಲ್ ಎಲ್ಲಿಗೆ?

ಓಣಂ, ಕ್ರಿಸ್‌ಮಸ್ ರಜೆಗಳು ಸಮೀಪಿಸುತ್ತಿದ್ದಂತೆ ಮಕ್ಕಳೊಂದಿಗೆ ಪ್ರವಾಸ ಹೊರಡುವ ಮಾತು ಗಡಿನಾಡಿನ ಮನೆಗಳಲ್ಲಿ ಏಳುತ್ತದೆ. ಕಾಸರಗೋಡಿನವರಾದ ನಮಗೆ ವಯನಾಡು ದೂರದ ನಾಡಲ್ಲ. ಹಳೆಯ ಕನ್ನಡ ಶಾಸನಗಳು ಅದನ್ನು ಬಯಲ್ನಾಡು ಎಂದು ಕರೆದಿವೆ. ಕಾರಿನ ಜೊತೆಗೆ ಇ-ಸೈಕಲನ್ನೂ ಬಳಸಿ ಈ ನಾಡನ್ನು ನೋಡಬೇಕೆನ್ನುವವರು ಮೊದಲು ಒಂದು ನಿಯಮವನ್ನು ಮಾಡಿಕೊಳ್ಳುವುದು ಒಳಿತು. ಘಾಟಿಗೂ ಕಾಡಿಗೂ ಕಾರು. ಗದ್ದೆಯ ಬದಿಗೂ ಜಲಾಶಯದ ಸುತ್ತಲಿನ ಹಳ್ಳಿದಾರಿಗೂ ಸೈಕಲ್. ಉಳಿದ ಯೋಜನೆಯೆಲ್ಲ ಇದರ ಮೇಲೆ ನಿಲ್ಲುತ್ತದೆ.

ದಾರಿ ಮತ್ತು ತಂಗುದಾಣ

ಮೊದಲ ದಿನ ಬೆಳಗ್ಗೆ ಬೇಗನೆ ಹೊರಟು ಪಯ್ಯನ್ನೂರು, ತಳಿಪರಂಬ, ಇರಿಟ್ಟಿ, ಕೊಟ್ಟಿಯೂರು ಮಾರ್ಗವಾಗಿ ಪಾಲ್ಚುರಂ ಘಾಟಿಯನ್ನೇರಿ ಮಾನಂತವಾಡಿ ಸೇರಬಹುದು. ಈ ಘಾಟಿ ಕಿರಿದು, ಕಡಿದಾದ ತಿರುವುಗಳದ್ದು. ಮಳೆಗಾಲದಲ್ಲಿ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಬೇಕು. ಅಪರಾಹ್ನ ಮಾನಂತವಾಡಿಯಲ್ಲಿರುವ ಪಳಶ್ಶಿರಾಜನ ಸಮಾಧಿಯನ್ನು ನೋಡಬಹುದು. ಬ್ರಿಟಿಷರ ವಿರುದ್ಧ ಹೋರಾಡಿದ ಈ ಅರಸ 1805ರ ನವೆಂಬರ್ 30ರಂದು ಮಡಿದನು.

ಎರಡನೆಯ ದಿನ ಪನಮರಂ ಬಳಿಯ ಪುಂಜವಯಲಿನಲ್ಲಿರುವ ಜನಾರ್ದನಗುಡಿ ಮತ್ತು ವಿಷ್ಣುಗುಡಿಗಳಿಗೆ ಹೋಗೋಣ. ಶಿಥಿಲವಾದ ಈ ಕಲ್ಲುಗುಡಿಗಳ ಹೆಸರಿನಲ್ಲಿರುವ ‘ಗುಡಿ’ ಎಂಬ ಪದವನ್ನು ನಮ್ಮ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಂದ ಪಡಿಂಞಾರತ್ತರದ ಬಾಣಾಸುರ ಸಾಗರ ಅಣೆಕಟ್ಟಿಗೆ ಹೋಗಬಹುದು. ಇದು ಮಣ್ಣಿನ ಅಣೆಕಟ್ಟು. ಇಲ್ಲಿ ತಡೆದ ನೀರು ಕಬಿನಿಯ ಉಪನದಿಯದು. ಕೇರಳದ ನದಿಗಳಲ್ಲಿ ಹೆಚ್ಚಿನವು ಪಶ್ಚಿಮಕ್ಕೆ ಹರಿದರೆ ಕಬಿನಿಯು ಪೂರ್ವಕ್ಕೆ ಹರಿದು ಕರ್ನಾಟಕವನ್ನು ಸೇರುತ್ತದೆ. ಈ ದಿನದ ಇಳಿಹೊತ್ತು ಸೈಕಲಿಗೆ ಮೀಸಲಿರಲಿ. ರಾತ್ರಿ ಕಲ್ಪೆಟ್ಟದಲ್ಲಿ ತಂಗಬಹುದು.

ಮೂರನೆಯ ದಿನ ಕಲ್ಪೆಟ್ಟ ಸಮೀಪದ ಪುಳಿಯಾರ್ಮಲೆಯ ಅನಂತನಾಥ ಬಸದಿಯನ್ನೂ ಸುಲ್ತಾನ್ ಬತ್ತೇರಿಯ ಪ್ರಾಚೀನ ಜೈನ ಬಸದಿಯನ್ನೂ ನೋಡಬಹುದು. ಗಣಪತಿವಟ್ಟಂ ಎಂದು ಹೆಸರಿದ್ದ ಈ ಊರಿನ ಬಸದಿಯಲ್ಲಿ ಟಿಪ್ಪು ಮದ್ದುಗುಂಡು ಇರಿಸಿದ್ದರಿಂದ ಬತ್ತೇರಿ ಎಂಬ ಹೆಸರು ಬಂದಿತೆನ್ನುತ್ತಾರೆ. ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಯನ್ನು ಬಲ್ಲ ಮಕ್ಕಳು ಎರಡನ್ನೂ ಹೋಲಿಸಲಿ. ವಯನಾಡಿನ ಜೈನರಲ್ಲಿ ಕಾಣುವ ‘ಗೌಡರ್’ ಎಂಬ ಕುಲನಾಮವೂ ಘಟ್ಟದಾಚೆಯ ಮೂಲವನ್ನು ಸೂಚಿಸುತ್ತದೆ. ಅನಂತರ ಅಂಬುಕುತ್ತಿ ಬೆಟ್ಟದ ಎಡಕ್ಕಲ್ ಗುಹೆ. ಅಲ್ಲಿನ ಶಿಲಾಚಿತ್ರಗಳನ್ನು 1890ರಲ್ಲಿ ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಗುರುತಿಸಿದರು. ಕಡಿದಾದ ಮೆಟ್ಟಿಲುಗಳಿರುವುದರಿಂದ ಹಿರಿಯರಿದ್ದರೆ ಹೆಚ್ಚು ಸಮಯ ಇಟ್ಟುಕೊಳ್ಳಬೇಕು. ಸೋಮವಾರ ಪ್ರವೇಶವಿರುವುದಿಲ್ಲ.

ನಾಲ್ಕನೆಯ ದಿನ ತೋಲ್ಪೆಟ್ಟಿ, ಕುಟ್ಟ, ಗೋಣಿಕೊಪ್ಪ, ಮಡಿಕೇರಿ, ಸುಳ್ಯ ಮಾರ್ಗವಾಗಿ ಮರಳಿದರೆ ಬಂದ ದಾರಿಯನ್ನೇ ಮತ್ತೆ ನೋಡಬೇಕಾಗುವುದಿಲ್ಲ. ಮೈಸೂರಿನ ಕಡೆ ಹೋಗುವವರು ಮಾತ್ರ ಗಡಿಯಾರವನ್ನು ಗಮನಿಸಬೇಕು. ಮುತ್ತಂಗ–ಬಂಡೀಪುರದ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ, ಬಾವಲಿ ದಾರಿಯಲ್ಲಿ ಸಂಜೆ 6ರಿಂದಲೇ ಸಂಚಾರ ನಿರ್ಬಂಧವಿದೆ.

ಇ-ಸೈಕಲ್: ಕಾನೂನು ಏನು ಹೇಳುತ್ತದೆ?

ಹೆತ್ತವರು ಎಚ್ಚರ ವಹಿಸಬೇಕಾದ ವಿಷಯವಿದು. ಪೆಡಲ್ ಇದ್ದು, ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿ.ಮೀ. ವೇಗ ತಲುಪುವುದರೊಳಗೆ ಮೋಟಾರು ತಾನಾಗಿ ನಿಲ್ಲುವ ಸೈಕಲಿಗೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಇದನ್ನು ಮೀರಿದ್ದು, ಸ್ಕೂಟರಿನಂತೆ ಓಡುವಂಥದ್ದು, ಮೋಟಾರು ವಾಹನವೇ ಆಗುತ್ತದೆ. ಅದನ್ನು ಅಪ್ರಾಪ್ತರಿಗೆ ಕೊಟ್ಟು ಅವರು ನಿಯಮ ಮುರಿದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷಗಳವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಬಾಡಿಗೆಗೆ ಪಡೆಯುವಾಗ ‘ಇದು ಬರೀ ಸೈಕಲ್’ ಎಂಬ ಮಾತನ್ನು ನಂಬದೆ ಮೋಟಾರಿನ ಮೇಲಿನ ಅಂಕಿಯನ್ನು ಓದಬೇಕು. ಕಾನೂನು ಕೇಳಲಿ, ಬಿಡಲಿ, ಹೆಲ್ಮೆಟ್ ಎಲ್ಲರಿಗೂ ಇರಲಿ.

ಬ್ಯಾಟರಿಯ ಲೆಕ್ಕ

36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿರುವುದು 360 ವ್ಯಾಟ್-ಗಂಟೆ ಶಕ್ತಿ. ಸಮತಟ್ಟಾದ ದಾರಿಯಲ್ಲಿ ಕಿಲೋಮೀಟರಿಗೆ ಸುಮಾರು 10 ಖರ್ಚಾದರೆ 35 ಕಿ.ಮೀ. ಓಡುತ್ತದೆ. ವಯನಾಡಿನಲ್ಲಿ ಏರೇ ಹೆಚ್ಚು. ಸವಾರ, ಸೈಕಲ್ ಸೇರಿ 90 ಕಿಲೋ ತೂಕವನ್ನು ಮೋಟಾರೇ 100 ಮೀಟರ್ ಎತ್ತರಕ್ಕೆ ಎತ್ತಬೇಕಾದರೆ 25 ವ್ಯಾಟ್-ಗಂಟೆ ಬೇಕು. ನಷ್ಟವನ್ನೂ ಸೇರಿಸಿದರೆ 30ಕ್ಕಿಂತ ಹೆಚ್ಚು. 300 ಮೀಟರ್ ಏರುವಷ್ಟರಲ್ಲಿ ಬ್ಯಾಟರಿಯ ಕಾಲುಭಾಗಕ್ಕಿಂತ ಹೆಚ್ಚು ಮುಗಿದಿರುತ್ತದೆ. ಆದ್ದರಿಂದ ಒಂದು ಸವಾರಿಯನ್ನು 12–15 ಕಿ.ಮೀ.ಗೆ ಮಿತಗೊಳಿಸಿ, ಏರುದಾರಿಯನ್ನು ಮೊದಲು ಮುಗಿಸಿ, ಇಳಿಜಾರನ್ನು ಮರಳುವಾಗಿಗೆ ಉಳಿಸಿಕೊಳ್ಳಬೇಕು. ಹತ್ತನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಬಲ್ಲರು, ಮಾಡಲಿ.

ಕಾಡು, ಮಳೆ, ಮನುಷ್ಯರು

ತಿರುನೆಲ್ಲಿ, ತೋಲ್ಪೆಟ್ಟಿ, ಮುತ್ತಂಗ ಭಾಗದ ಕಾಡಿನ ರಸ್ತೆಗಳಲ್ಲಿ ಸೈಕಲ್ ಬೇಡವೇ ಬೇಡ. ಅಲ್ಲಿ ಆನೆ ರಸ್ತೆಗಿಳಿಯುತ್ತದೆ. ಇ-ಸೈಕಲಿಗೆ ಸದ್ದಿಲ್ಲದಿರುವುದರಿಂದ ತಿರುವಿನಲ್ಲಿ ನಾವು ಬರುವುದು ಅದಕ್ಕೂ, ಅದು ನಿಂತಿರುವುದು ನಮಗೂ ತಿಳಿಯುವುದಿಲ್ಲ. ಉಳಿದೆಡೆಯೂ ಸಂಜೆ ಐದಕ್ಕೆ ಸವಾರಿ ಮುಗಿಯಬೇಕು.

2024ರ ಜುಲೈ 30ರಂದು ಮುಂಡಕೈ, ಚೂರಲ್‌ಮಲೆಗಳನ್ನು ಭೂಕುಸಿತ ಕೊಚ್ಚಿಕೊಂಡು ಹೋಯಿತು. ಆ ನೆಲ ಪ್ರವಾಸಿಗರ ನೋಟಕ್ಕಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ನೀಡಿದ ದಿನ ಮುಂಗಡ ಕೊಟ್ಟ ಹಣ ಹೋದರೂ ಪ್ರಯಾಣವನ್ನು ಮುಂದೂಡುವುದೇ ವಿವೇಕ.

ವಯನಾಡಿನ ಕಾಟ್ಟುನಾಯ್ಕರ ಮಾತು ಕನ್ನಡಕ್ಕೆ ಬಹಳ ಹತ್ತಿರದ್ದು. ದಾರಿಯಲ್ಲಿ ಭೇಟಿಯಾದರೆ ಮಕ್ಕಳು ಕನ್ನಡದಲ್ಲಿಯೇ ಮಾತನಾಡಿಸಲಿ. ಅವರ ಹಾಡಿಗೆ ಕರೆಯದೆ ಹೋಗುವುದೂ, ಕೇಳದೆ ಫೋಟೋ ತೆಗೆಯುವುದೂ ಬೇಡ. ಶಾಲೆಯ ಪಾಠದಲ್ಲಿ ಗಡಿ ಒಂದು ಗೆರೆಯಾಗಿ ಕಾಣುತ್ತದೆ. ಗುಡಿಯ ಹೆಸರು, ನದಿಯ ಹರಿವು, ಎದುರು ಸಿಕ್ಕವರ ಮಾತು ಇವುಗಳಲ್ಲಿ ಆ ಗೆರೆ ಎಷ್ಟು ತೆಳುವೆಂಬುದನ್ನು ಮಕ್ಕಳು ಕಾಣಬೇಕಾದರೆ ತಾಣಗಳ ಪಟ್ಟಿಯನ್ನು ಕಿರಿದುಮಾಡಿ, ನಿಲ್ಲುವ ಹೊತ್ತನ್ನು ಹೆಚ್ಚಿಸೋಣ.