ಮೂಲೆ ದುಂಡಾಗುವ ಬಗೆ

ನಮ್ಮ ತಂದೆಯವರು ಅಂಗಡಿಗಳ ನಾಮಫಲಕ ಬರೆಯುತ್ತಿದ್ದರು. ತಗಡಿನ ಮೇಲೆ ಎನಾಮೆಲ್ ಬಣ್ಣದಲ್ಲಿ ಚಪ್ಪಟೆ ಕುಂಚದಿಂದ ಅವರು ಬರೆದ ಅಕ್ಷರಗಳು ಒಂದು ಕಾಲಕ್ಕೆ ನಮ್ಮ ಊರಿನ ಮಠದ ಬೀದಿಯ ಉದ್ದಕ್ಕೂ ಕಾಣಿಸುತ್ತಿದ್ದವು. ಈಗ ಒಂದೂ ಉಳಿದಿಲ್ಲ. ತಗಡು ಮಳೆಗೆ ತುಕ್ಕು ಹಿಡಿಯಿತು. ತಗಡಿನ ಕಾಲವೂ ಮುಗಿಯಿತು. ಹೀಗಿರುವಾಗ ಹೋದ ವರ್ಷ ಆ ಬೀದಿಯ ದವಸದ ಅಂಗಡಿಯ ಈಗಿನ ಯಜಮಾನರು ಒಂದು ಹಳೆಯ ಫೋಟೋ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರ ಅಜ್ಜನ ಕಾಲದಲ್ಲಿ, ದೀಪಾವಳಿಯ ಲಕ್ಷ್ಮೀಪೂಜೆಯ ದಿನ ತೆಗೆಸಿದ ಚಿತ್ರ. ಬಾಗಿಲಲ್ಲಿ ನಿಂತವರ ತಲೆಗಳ ಮೇಲೆ, ನನ್ನ ಹೆಬ್ಬೆರಳಿನಷ್ಟು ಅಗಲದಲ್ಲಿ, ಹಲಗೆ ಕಾಣುತ್ತದೆ: ‘ದವಸಧಾನ್ಯದ ವ್ಯಾಪಾರಿಗಳು, ಮಠದ ಬೀದಿ’.

“ಮೇಷ್ಟ್ರೇ, ಅಂಗಡಿ ಹೊಸದಾಗಿ ಕಟ್ಟಿಸ್ತಾ ಇದೀನಿ. ಬೋರ್ಡಿಗೆ ಇದೇ ಅಕ್ಷರ ಬೇಕು. ನಿಮ್ಮ ತಂದೆಯವರ ಕೈ ಅಲ್ಲವೆ? ಕಂಪ್ಯೂಟರಿನಲ್ಲಿ ಏನಾದರೂ ಮಾಡಕ್ಕಾಗತ್ತಾ ನೋಡಿ” ಎಂದರು.

ನಾನು ಗಣಿತ ಕಲಿಸಿ ನಿವೃತ್ತನಾದವನು. ಕುಂಚ ನನ್ನ ಕೈಗೆ ಬರಲಿಲ್ಲ. ಅದು ತಂದೆಯವರಿಗೆ ಕೊನೆಯವರೆಗೂ ಇದ್ದ ಒಂದು ಕೊರಗು. ಆದ್ದರಿಂದ ಒಪ್ಪಿಕೊಂಡೆ. ಛಾಯಾಚಿತ್ರಗಳನ್ನು ತಿದ್ದುವ ತಂತ್ರಾಂಶದೊಳಗೆ ಒಂದು ಮೂಲೆ ದುಂಡಾಗುವುದೆಂದರೆ ಏನು ಎಂಬುದನ್ನು ಆ ಕೆಲಸದಲ್ಲಿ ಕಲಿತೆ. ಅದನ್ನೇ ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ.

ಫೋಟೋವನ್ನು ಯಂತ್ರದಲ್ಲಿ ಪ್ರತಿ ಮಾಡಿ ಹಲಗೆಯಷ್ಟನ್ನೇ ದೊಡ್ಡದು ಮಾಡಿದಾಗ ಕಂಡದ್ದು ಅಕ್ಷರಗಳಲ್ಲ, ಮೆಟ್ಟಿಲುಗಳು. ಕಂಪ್ಯೂಟರಿನ ಚಿತ್ರವೆಂಬುದು ಪಿಕ್ಸೆಲ್ ಎಂಬ ಪುಟ್ಟ ಚೌಕಗಳ ಹಾಸು. ನೆಲಕ್ಕೆ ಬರಿಯ ಚೌಕದ ಕಲ್ಲುಗಳನ್ನು ಹಾಸಿ ಅದರಲ್ಲಿ ಒಂದು ಕಮಲವನ್ನು ಬಿಡಿಸಲು ಹೋದರೆ ದಳಗಳ ಅಂಚು ಹೇಗೆ ಹಲ್ಲುಹಲ್ಲಾಗುವುದೋ ಹಾಗೆ ಇಲ್ಲಿಯೂ ಆಗುತ್ತದೆ. ಓಲೆಗರಿಯನ್ನು ಸೀಳದಂತೆ ಕಬ್ಬಿಣದ ಕಂಟವನ್ನು ಆಡಿಸಬೇಕಾಗಿದ್ದುದರಿಂದ ನಮ್ಮ ಲಿಪಿ ದುಂಡಗಾಯಿತು ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅಂಥ ಲಿಪಿಯನ್ನು ಚೌಕಗಳ ಹಾಸಿನ ಮೇಲೆ ಕೂರಿಸಿದರೆ ಅದರ ಅವಸ್ಥೆಯನ್ನು ಹೇಳಬೇಕಾಗಿಲ್ಲ.

ನನ್ನ ಮೊಮ್ಮಗಳು ಪಕ್ಕದಲ್ಲಿ ಕುಳಿತಿದ್ದಳು. “ಅಜ್ಜ, ಸ್ಮೂತ್ ಅಂತ ಇದೆ ನೋಡಿ, ಒತ್ತಿ” ಎಂದಳು. ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು 1987ರಲ್ಲಿ ಆರಂಭಿಸಿ, 1990ರಲ್ಲಿ ಅಡೋಬಿ ಸಂಸ್ಥೆಯ ಮೂಲಕ ಹೊರಬಂದ ಫೋಟೋಶಾಪ್ ಎಂಬ ತಂತ್ರಾಂಶದಲ್ಲಿ, ಆಯ್ದುಕೊಂಡ ಆಕೃತಿಯ ಅಂಚನ್ನು ನಯಗೊಳಿಸುವ ಆಜ್ಞೆ ಅದು. ಅದರ ಒಳಗಿನ ಉಪಾಯ ಬಹಳ ಸರಳವಾದದ್ದು. ಅದನ್ನು ಮತದಾನವೆಂದು ಕರೆಯಬಹುದು. ಪ್ರತಿಯೊಂದು ಪಿಕ್ಸೆಲ್ಲೂ ತನ್ನ ಸುತ್ತ, ನಾವು ಹೇಳಿದಷ್ಟು ದೂರದವರೆಗೆ, ನೆರೆಹೊರೆಯನ್ನು ನೋಡುತ್ತದೆ. ನೆರೆಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಕ್ಷರದ ಒಳಗಿದ್ದರೆ ತಾನೂ ಒಳಗೆ, ಇಲ್ಲವಾದರೆ ಹೊರಗೆ.

ಇದರಿಂದ ಮೂಲೆ ಹೇಗೆ ದುಂಡಾಗುತ್ತದೆ? ನೇರವಾದ ಅಂಚಿನ ಮೇಲೆ ನಿಂತು ಸುತ್ತ ನೋಡಿದರೆ ಅರ್ಧ ಬಣ್ಣ, ಅರ್ಧ ಬಯಲು. ಅಲ್ಲಿ ಅಂಚು ಇದ್ದಲ್ಲೇ ಇರುತ್ತದೆ. ಚೌಕದ ಮೂಲೆಯ ತುದಿಯಲ್ಲಿ ನಿಂತು ನೋಡಿದರೆ ಕಾಲುಭಾಗ ಮಾತ್ರ ಬಣ್ಣ, ಉಳಿದ ಮುಕ್ಕಾಲು ಬಯಲು. ಚುನಾವಣೆಯಲ್ಲಿ ಮೂಲೆ ಸೋಲುತ್ತದೆ. ತುದಿಯ ಪಿಕ್ಸೆಲ್ಲುಗಳು ಉದುರಿಹೋಗುತ್ತವೆ. ಒಳಮೂಲೆಯಲ್ಲಿ, ಅಂದರೆ ಎರಡು ಗೋಡೆ ಕೂಡುವ ಸಂದಿನಂಥ ಕಡೆ, ಲೆಕ್ಕ ತಿರುಗುಮುರುಗು: ಅಲ್ಲಿ ಮುಕ್ಕಾಲು ಬಣ್ಣ, ಕಾಲು ಬಯಲು, ಆದ್ದರಿಂದ ಸಂದು ತುಂಬಿಕೊಳ್ಳುತ್ತದೆ. ಮೆಟ್ಟಿಲೆಂದರೆ ಒಂದು ಹೊರಮೂಲೆ, ಒಂದು ಒಳಮೂಲೆ, ಮತ್ತೆ ಹೊರಮೂಲೆ. ಒಂದು ಸವೆದು ಒಂದು ತುಂಬಿ ಮೆಟ್ಟಿಲೆಲ್ಲ ಇಳಿಜಾರಾಗುತ್ತದೆ. ಚಿತ್ರವನ್ನು ಮೊದಲು ಮಸುಕು ಮಾಡಿ, ಬಳಿಕ ಅರ್ಧಕ್ಕಿಂತ ಕಪ್ಪಾದುದನ್ನು ಪೂರಾ ಕಪ್ಪು, ಉಳಿದುದನ್ನು ಪೂರಾ ಬಿಳಿ ಎಂದು ತೀರ್ಮಾನಿಸುವ ಇನ್ನೊಂದು ವಿಧಾನವೂ ಬಳಕೆಯಲ್ಲಿದೆ. ಗೌಸ್ ಎಂಬ ಜರ್ಮನ್ ಗಣಿತಜ್ಞನ ಹೆಸರು ಹೊತ್ತ ಮಸುಕು ಅದು. ಅದೂ ಮತದಾನವೇ, ಹತ್ತಿರದ ನೆರೆಯವರ ಮತಕ್ಕೆ ಬೆಲೆ ಹೆಚ್ಚು, ದೂರದವರದಕ್ಕೆ ಕಡಿಮೆ, ಅಷ್ಟೇ ಭೇದ.

ಗುಂಡಿ ಒತ್ತಿದೆ. ಮೆಟ್ಟಿಲುಗಳು ಮಾಯವಾದವು. ನನಗೆ ಸಂತೋಷವಾಯಿತು. ಸಾಲದೆಂದು ನೆರೆಯ ವ್ಯಾಪ್ತಿಯನ್ನು ಇನ್ನಷ್ಟು ಹಿಗ್ಗಿಸಿ ಮತ್ತೊಮ್ಮೆ ಒತ್ತಿದೆ. ಅಕ್ಷರಗಳು ನೀರಿನಲ್ಲಿ ನೆನೆದ ಸಾಬೂನಿನ ಬಿಲ್ಲೆಗಳಂತೆ ನುಣ್ಣಗಾದವು. ಆಮೇಲೆ ಮೊಮ್ಮಗಳು ಹಲಗೆಯನ್ನು ಗಟ್ಟಿಯಾಗಿ ಓದಿದಳು: “ದವಸದಾನ್ಯದ ವ್ಯಾಪಾರಿಗಳು, ಮರದ ಬೀದಿ.”

ಮಹಾಪ್ರಾಣಕ್ಕೆ ಹೊಟ್ಟೆ ಸೀಳಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಆ ಸೀಳು ಎಷ್ಟು ಸಣ್ಣ ಗೀಟು! ಸಣ್ಣ ಗೀಟಿನ ಸುತ್ತ ಬಯಲೇ ಹೆಚ್ಚು. ಅದು ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡಿತು. ಠಕಾರದ ನಡುವಿನ ಚುಕ್ಕೆಯೂ ಹಾಗೆಯೇ. ಚುಕ್ಕೆ ಹೋದ ಮೇಲೆ ಠಕಾರವು ರಕಾರವಲ್ಲದೆ ಮತ್ತೇನು? ಮಠ ಹೋಗಿ ಮರವಾಯಿತು. ಧಾನ್ಯದೊಳಗಿಂದ ದಾನ ಇಣುಕಿತು. ಅಂಗಡಿಯವರು ಧಾನ್ಯ ಮಾರುವವರೇ ಹೊರತು ದಾನ ಮಾಡುವವರಲ್ಲವೆಂದು ನಕ್ಕೆವು. ಆದರೆ ನಕ್ಕ ಮೇಲೆ ನನಗೆ ಕಸಿವಿಸಿಯಾಯಿತು. ಚುಕ್ಕೆ, ಸೀಳುಗಳು ಹೋದುದನ್ನು ಓದು ಹಿಡಿದುಕೊಟ್ಟಿತು. ಓದಿಗೆ ಸಿಕ್ಕದಂಥವು ಏನೇನು ಹೋದವು? ತಂದೆಯವರು ಕುಂಚವನ್ನು ಹಲಗೆಗೆ ಊರುವಾಗ ಅಕ್ಷರದ ಮೊದಲಲ್ಲಿ ಒಂದು ಚೂಪಾದ ಮೂಲೆ ಬರುತ್ತಿತ್ತು. ತಲೆಕಟ್ಟಿನ ಎಡತುದಿಯಲ್ಲಿ ಅದು ಉಳಿಯಲೆಂದೇ ಕುಂಚವನ್ನು ತುಸು ಓರೆ ಹಿಡಿಯುತ್ತಿದ್ದರು. ಆ ಮೂಲೆಗಳೂ ಸವೆದುಹೋಗಿದ್ದವು. ಫೋಟೋವಿನ ದೋಷದಿಂದ ಹುಟ್ಟಿದ ಮೂಲೆ ಯಾವುದು, ಮನುಷ್ಯನ ಕೈಯಿಂದ ಹುಟ್ಟಿದ ಮೂಲೆ ಯಾವುದು ಎಂಬುದು ಮತದಾನಕ್ಕೆ ತಿಳಿಯುವ ವಿಷಯವಲ್ಲ.

ಎಲ್ಲವನ್ನೂ ಅಳಿಸಿ ಮತ್ತೆ ಆರಂಭಿಸಿದೆವು. ಈ ಸಲ ಪಿಕ್ಸೆಲ್ಲುಗಳ ಗೊಡವೆ ಬಿಟ್ಟು, ಅಕ್ಷರದ ಅಂಚಿನ ಮೇಲೆ ಅಲ್ಲಲ್ಲಿ ಬಿಂದುಗಳನ್ನಿಟ್ಟು, ಅವುಗಳನ್ನು ಗೆರೆಯಿಂದ ಕೂಡಿಸಿದೆವು. ಈಗ ಅಕ್ಷರವೆಂದರೆ ಹಲವು ಮೂಲೆಗಳ ಒಂದು ಬಹುಭುಜ. ಇದನ್ನು ದುಂಡಗೆ ಮಾಡಲು ಬಡಗಿಯ ಉಪಾಯವೊಂದಿದೆ. ಅಮೆರಿಕದ ಜಾರ್ಜ್ ಚೈಕಿನ್ ಎಂಬವರು 1974ರಲ್ಲಿ ಅದನ್ನು ಕಂಪ್ಯೂಟರಿಗೆ ಅಳವಡಿಸಿ ಪ್ರಕಟಿಸಿದರು. ಕಾಗದ ಪೆನ್ಸಿಲು ಹತ್ತಿರವಿದ್ದರೆ ತಾವೂ ಮಾಡಿ ನೋಡಬಹುದು. ಒಂದು ಚೌಕ ಬರೆಯಿರಿ. ಪ್ರತಿಯೊಂದು ಬದಿಯಲ್ಲಿ ಕಾಲುಭಾಗಕ್ಕೆ ಒಂದು, ಮುಕ್ಕಾಲಿಗೆ ಒಂದು ಗುರುತು ಮಾಡಿ. ಮೂಲೆಯ ಅಕ್ಕಪಕ್ಕದ ಎರಡು ಗುರುತುಗಳನ್ನು ಕೂಡಿಸಿ, ಮೂಲೆಯನ್ನು ಕತ್ತರಿಸಿಬಿಡಿ. ನಾಲ್ಕು ಮೂಲೆ ಹೋಗಿ ಎಂಟಾದವು, ಆದರೆ ಮೊಂಡಾದವು. ಎಂಟಕ್ಕೂ ಹೀಗೆಯೇ ಮಾಡಿ: ಹದಿನಾರು. ಮತ್ತೆ ಮೂವತ್ತೆರಡು. ಅಲ್ಲಿಗೆ ಕಣ್ಣಿಗೆ ಮೂಲೆಯೇ ಕಾಣುವುದಿಲ್ಲ. ಕಂಬ ಕಡೆಯುವ ಬಡಗಿಯೂ ಚೌಕದ ತೊಲೆಯನ್ನು ಮೊದಲು ಎಂಟು ಮೂಲೆಗೆ ತಂದು, ಬಳಿಕವೇ ದುಂಡಗೆ ಮಾಡುವುದು.

ಕೊನೆಗೆ ದೊರೆಯುವ ಆಕೃತಿ ವೃತ್ತವೆಂದು ಮಾತ್ರ ತಿಳಿಯಬಾರದು. ಅದು ಪ್ರತಿಯೊಂದು ಬದಿಯನ್ನೂ ನಟ್ಟನಡುವೆ ಮುಟ್ಟುತ್ತದೆ, ನಿಜ. ಆದರೆ ಮೂಲೆಯಲ್ಲಿ ಬಾಗುವ ರೇಖೆ ಪರವಲಯ, ಮೇಲಕ್ಕೆಸೆದ ಕಲ್ಲು ಬೀಳುವಾಗ ಗಾಳಿಯಲ್ಲಿ ಬರೆಯುವ ರೇಖೆ. ಚೌಕದಿಂದ ಎಷ್ಟು ನಷ್ಟವಾಯಿತೆಂದು ಲೆಕ್ಕ ಹಾಕಿದೆ. ಮೇಷ್ಟ್ರ ಚಟ ಬಿಡುವುದಿಲ್ಲ. ಮೊದಲ ಕೊಯ್ತದಲ್ಲಿ ಎಂಟನೆಯ ಒಂದು ಪಾಲು, ಮುಂದಿನ ಪ್ರತಿ ಕೊಯ್ತದಲ್ಲಿ ಹಿಂದಿನದರ ಕಾಲುಭಾಗ. ಎಲ್ಲ ಕೂಡಿದರೆ ಸರಿಯಾಗಿ ಆರನೆಯ ಒಂದು ಪಾಲು. ಚೌಕದೊಳಗೆ ವೃತ್ತ ಬರೆದರೆ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ಆದ್ದರಿಂದ ಇದು ವೃತ್ತಕ್ಕಿಂತ ಒಂದಿಷ್ಟು ತುಂಬಿದ ಮೈ. ಆದರೂ ಆರರಲ್ಲೊಂದು ಪಾಲೆಂದರೆ ಸಣ್ಣದೆ? ಮೂಲೆಯನ್ನು ಕೊಯ್ಯುವ ಉಪಾಯ ಬಣ್ಣವನ್ನು ಕೊಯ್ಯದೆ ಇರಲಾರದು. ತಂದೆಯವರ ದಪ್ಪ ಅಕ್ಷರಗಳ ತುದಿಗಳು ಈ ಸಲವೂ ಬಡವಾದವು.

ಹಲಗೆಯ ಸುತ್ತ ಒಂದು ಕೆಂಪು ಪಟ್ಟಿ ಇತ್ತು. ಅದರ ನಾಲ್ಕು ಮೂಲೆಗಳೂ ದುಂಡಗಿದ್ದವು. ಅದನ್ನು ಬರೆಯುವುದು ಮಾತ್ರ ಒಂದು ಚಿಟಿಕೆಯ ಕೆಲಸವಾಯಿತು. ಏಕೆಂದರೆ ದುಂಡುಮೂಲೆಯ ಆಯತವೆಂಬುದು ಈಗ ಎಲ್ಲ ತಂತ್ರಾಂಶಗಳಲ್ಲಿಯೂ ಸಿದ್ಧವಾಗಿ ಕುಳಿತಿದೆ. ಅದಕ್ಕೂ ಒಂದು ಕಥೆಯುಂಟು. 1981ರಲ್ಲಿ, ಆಪಲ್ ಸಂಸ್ಥೆಯಲ್ಲಿ ಮ್ಯಾಕಿಂತೋಷ್ ಇನ್ನೂ ರೂಪುಗೊಳ್ಳುತ್ತಿದ್ದಾಗ, ಬಿಲ್ ಅಟ್ಕಿನ್‌ಸನ್ ಎಂಬ ತರುಣ ವೃತ್ತಗಳನ್ನೂ ಅಂಡಾಕೃತಿಗಳನ್ನೂ ಬಹು ವೇಗವಾಗಿ ಬರೆಯುವ ಕ್ರಮವೊಂದನ್ನು ಮಾಡಿ ತೋರಿಸಿದರು. ಆ ಯಂತ್ರದ ಮಿದುಳಿಗೆ ದಶಮಾಂಶದ ಲೆಕ್ಕ ನೇರವಾಗಿ ಬಾರದು. ವರ್ಗಮೂಲದ ಮಾತಂತೂ ದೂರ. ಅಟ್ಕಿನ್‌ಸನ್ ಹಿಡಿದದ್ದು ನಮ್ಮ ಮಾಧ್ಯಮಿಕ ಶಾಲೆಯ ಹುಡುಗರಿಗೂ ತಿಳಿದ ಒಂದು ಸಂಗತಿಯನ್ನು: ಒಂದು, ಒಂದಕ್ಕೆ ಮೂರು ಕೂಡಿಸಿದರೆ ನಾಲ್ಕು, ಅದಕ್ಕೆ ಐದು ಕೂಡಿಸಿದರೆ ಒಂಬತ್ತು. ಬೆಸಸಂಖ್ಯೆಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋದರೆ ವರ್ಗಗಳು ತಾವಾಗಿಯೇ ಉದುರುತ್ತವೆ. ಬರಿಯ ಕೂಡುವ ಲೆಕ್ಕದಿಂದಲೇ ವೃತ್ತ ಹುಟ್ಟಿತು. ಅದನ್ನು ಕಂಡ ಸ್ಟೀವ್ ಜಾಬ್ಸ್, ದುಂಡುಮೂಲೆಯ ಆಯತ ಬರೆಯಬಲ್ಲೆಯಾ ಎಂದು ಕೇಳಿದರು. ಅದರ ಅಗತ್ಯವಿಲ್ಲವೆಂದು ಅಟ್ಕಿನ್‌ಸನ್ ವಾದಿಸಿದರು. ಜಾಬ್ಸ್ ಅವರನ್ನು ಹೊರಗೆ ಕರೆದೊಯ್ದು, ಬೀದಿಯಲ್ಲಿ ಕಂಡ ದುಂಡುಮೂಲೆಗಳನ್ನೆಲ್ಲ ತೋರಿಸುತ್ತ, ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂಬ ಫಲಕದ ಮುಂದೆ ನಿಲ್ಲಿಸಿದರಂತೆ. ಮರುದಿನವೇ ದುಂಡುಮೂಲೆಯ ಆಯತ ಸಿದ್ಧವಾಯಿತೆಂದು ಅವರ ಸಹೋದ್ಯೋಗಿ ಆಂಡಿ ಹರ್ಟ್ಸ್‌ಫೆಲ್ಡ್ ಬರೆದಿದ್ದಾರೆ. ಅಟ್ಕಿನ್‌ಸನ್ 2025ರಲ್ಲಿ ತೀರಿಕೊಂಡರು. ವಾದ ಮುಗಿಸಿದ್ದು ಒಂದು ಬೀದಿಯ ಫಲಕವೆಂಬುದು, ನಾಮಫಲಕ ಬರೆಯುವವರ ಮಗನಾದ ನನಗೆ ವಿಶೇಷವಾಗಿ ಹಿಡಿಸಿತು.

ಆದರೂ ಪಟ್ಟಿ ತಂದೆಯವರ ಪಟ್ಟಿಯಂತೆ ಕಾಣಲಿಲ್ಲ. ನೇರವಾದ ಗೆರೆಗೆ ವೃತ್ತದ ಕಾಲುಭಾಗವನ್ನು ತಂದು ಅಂಟಿಸಿದರೆ, ಅಂಟಿದ ಜಾಗದಲ್ಲಿ ಗೆರೆ ಮುರಿಯುವುದಿಲ್ಲ, ಆದರೆ ಬಾಗು ಥಟ್ಟನೆ ಶುರುವಾಗುತ್ತದೆ. ರೈಲುಹಳಿಯನ್ನು ಹೀಗೆ ಹಾಕಿದರೆ ಗಾಡಿ ಆ ಜಾಗದಲ್ಲಿ ಕುಲುಕುತ್ತದೆ. ಅದಕ್ಕೇ ಎಂಜಿನಿಯರುಗಳು ನೇರಹಳಿಗೂ ತಿರುವಿಗೂ ನಡುವೆ ಬಾಗು ಸ್ವಲ್ಪಸ್ವಲ್ಪವೇ ಏರುವ ಹಳಿಯೊಂದನ್ನು ಸೇರಿಸುತ್ತಾರೆ. ಕುಂಚ ಹಿಡಿದ ತೋಳು ಈ ನಡುವಿನ ಹಳಿಯನ್ನು ಯಾರೂ ಹೇಳಿಕೊಡದೆ ಹಾಕಿಕೊಳ್ಳುತ್ತದೆ.

ಕಡೆಗೆ ಕೆಲಸಕ್ಕೆ ಬಂದದ್ದು ತಂತ್ರಾಂಶದೊಳಗಿನ ಲೇಖನಿ. ಅದರ ಹಿಂದಿರುವ ರೇಖೆಯನ್ನು ಕಂಡುಕೊಂಡವರು ಚಿತ್ರಕಾರರಲ್ಲ, ಮೋಟಾರು ಕಾರಿನ ಮೈ ರೂಪಿಸುತ್ತಿದ್ದ ಫ್ರಾನ್ಸಿನ ಇಬ್ಬರು. ಸಿಟ್ರೊಯೆನ್ ಕಾರ್ಖಾನೆಯ ಪಾಲ್ ದ ಕಸ್ತೆಲ್ಜೊ 1959ರಲ್ಲಿಯೇ ಅದನ್ನು ಕಂಡಿದ್ದರು. ಆದರೆ ಕಾರ್ಖಾನೆ ಅದನ್ನು ಗುಟ್ಟಾಗಿರಿಸಿತು. ರೆನೊ ಕಾರ್ಖಾನೆಯ ಪಿಯರ್ ಬೆಜಿಯೆ ತಾವೇ ಕಂಡುಕೊಂಡುದನ್ನು 1960ರ ದಶಕದಲ್ಲಿ ಪ್ರಕಟಿಸಿದರು. ಹೆಸರು ಪ್ರಕಟಿಸಿದವರದಾಯಿತು. ಈ ಲೇಖನಿಯಲ್ಲಿ ಪ್ರತಿಯೊಂದು ಬಿಂದುವಿಗೂ ಎರಡು ಹಿಡಿಗಳಿರುತ್ತವೆ. ಎರಡೂ ಒಂದೇ ಸರಳರೇಖೆಯಲ್ಲಿದ್ದರೆ ವಕ್ರರೇಖೆ ಆ ಬಿಂದುವಿನ ಮೂಲಕ ನಯವಾಗಿ ಹಾಯುತ್ತದೆ. ಹಿಡಿಗಳನ್ನು ಮುರಿದು ಬೇರೆಬೇರೆ ದಿಕ್ಕಿಗೆ ತಿರುಗಿಸಿದರೆ ಅಲ್ಲಿ ಮೂಲೆ ನಿಲ್ಲುತ್ತದೆ. ಯಾವುದು ದುಂಡು, ಯಾವುದು ಮೂಲೆ ಎಂದು ಯಂತ್ರ ನಿರ್ಧರಿಸುವುದಿಲ್ಲ. ಬಿಂದು ಬಿಂದುವಿಗೂ ನಮ್ಮನ್ನು ಕೇಳುತ್ತದೆ.

ಕೇಳಿದಾಗ ಉತ್ತರ ಹೇಳಬೇಕಾಯಿತಲ್ಲ! ದಕಾರದ ತಲೆಕಟ್ಟಿನ ಎಡತುದಿ: ಮೂಲೆ. ವಕಾರದ ಹೊಟ್ಟೆ: ದುಂಡು. ಧಕಾರದ ಸೀಳು: ಎರಡು ಮೂಲೆ, ಕೆಳಗೆ ತುಸು ಮೊಂಡು, ಏಕೆಂದರೆ ಅಲ್ಲಿ ಅವರು ಕುಂಚವನ್ನು ಎತ್ತುವ ಮೊದಲು ಒಂದು ಕ್ಷಣ ತಡೆಯುತ್ತಿದ್ದರು. ಇಷ್ಟು ವರ್ಷ ಅವರ ಪಕ್ಕದಲ್ಲಿ ಬಣ್ಣದ ಡಬ್ಬಿ ಹಿಡಿದು ನಿಂತದ್ದು ವ್ಯರ್ಥವಾಗಿರಲಿಲ್ಲ. ಒಂದೊಂದು ಅಕ್ಷರಕ್ಕೆ ಒಂದು ಸಂಜೆ ಹಿಡಿಯಿತು. ಮೊಮ್ಮಗಳು ಎರಡು ದಿನ ಕುಳಿತು, ಮೂರನೆಯ ದಿನ ಪರೀಕ್ಷೆಯ ನೆಪ ಹೇಳಿ ಎದ್ದಳು.

ಒಂದು ಕಡೆ ಮಾತ್ರ ನನಗೆ ಬಗೆಹರಿಯಲಿಲ್ಲ. ‘ಬೀದಿ’ ಎಂಬುದರ ಬಕಾರದ ಕೆಳಬಾಗಿನಲ್ಲಿ, ದುಂಡಗೆ ಹರಿಯಬೇಕಾದ ಜಾಗದಲ್ಲಿ, ಒಂದು ಸಣ್ಣ ಏಣು ಕಾಣುತ್ತದೆ. ತಗಡಿನ ಮೊಳೆಯಿರಬಹುದು, ಫೋಟೋವಿನ ಮೇಲೆ ಬಿದ್ದ ಗೀರಿರಬಹುದು, ಏಣಿಯ ಮೇಲೆ ನಿಂತ ತಂದೆಯವರ ಕೈ ಒಮ್ಮೆ ಅಲುಗಿದ್ದಿರಬಹುದು. ಹಿಡಿಗಳನ್ನು ಸರಳರೇಖೆಗೆ ತಂದೆ, ಮತ್ತೆ ಮುರಿದೆ, ಮತ್ತೆ ತಂದೆ. ಕೊನೆಗೆ ಮುರಿದೇ ಬಿಟ್ಟೆ. ಹೊಸ ಬೋರ್ಡು ಈ ದೀಪಾವಳಿಗೆ ಮೇಲೇರಿತು. ಬಕಾರದ ಏಣು ಈಗ ಅಂಗೈಯಗಲವಿದೆ. ಅಂಗಡಿಯವರು ಇನ್ನೂ ಗಮನಿಸಿಲ್ಲ.