ಜಿಗಿಯಲಾರದ ಕಾಡುಪಾಪ

ಬೆಂಗಳೂರಿನ ವಿದ್ಯಾರಣ್ಯಪುರಕ್ಕೆ ಪೂರ್ವದಲ್ಲಿರುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಮರಗಳತ್ತ ಇರುಳಿನಲ್ಲಿ ದೀಪ ಹಿಡಿದರೆ, ಅದೃಷ್ಟವಿದ್ದವರಿಗೆ ಎರಡು ದುಂಡು ಕಣ್ಣುಗಳು ಕೆಂಡದಂತೆ ಹೊಳೆದು ಕಾಣುವುದುಂಟು. ಅದು ಕಾಡುಪಾಪ, ವಾನರ ಕುಲದ ದೂರದ ಬಂಧು. ತೂಕ ಸುಮಾರು 250 ಗ್ರಾಂ. ಬಾಲವಿಲ್ಲ; ಕೈಕಾಲುಗಳೋ ಕಡ್ಡಿಯಂತೆ!

ಹಗಲೆಲ್ಲ ಮುದುರಿ ಮಲಗುವ ಈ ಪ್ರಾಣಿ ರಾತ್ರಿ ಇರುವೆ, ಜೀರುಂಡೆಗಳನ್ನು ಹಿಡಿದು ತಿನ್ನುತ್ತದೆ. ಅಂಗೈ ಅಂಗಾಲುಗಳಿಗೆ ತನ್ನ ಮೂತ್ರವನ್ನೇ ಸವರಿಕೊಳ್ಳುವ ಅದರ ಪರಿಪಾಠ ನೋಡುವವರಿಗೆ ಹೇಸಿಗೆಯೆನಿಸೀತು. ಕೀಟಗಳ ಕಡಿತದ ಉರಿಗೆ ಅದೇ ಮದ್ದೆಂದು ಪ್ರಾಣಿಶಾಸ್ತ್ರಜ್ಞರ ಊಹೆ. ತಾಯಿಯು ಮರಿಯನ್ನು ಕೊಂಬೆಯೊಂದರ ಮೇಲೆ ಬಿಟ್ಟು ಬೇಟೆಗೆ ಹೊರಡುತ್ತದೆ.

ಮರದ ಮೇಲೆಯೇ ಬಾಳುವ ಜೀವಿಯಾದರೂ ಇದಕ್ಕೆ ಜಿಗಿಯಲು ಬಾರದು. ಒಂದು ಕೊಂಬೆಯನ್ನು ಬಿಡುವ ಮುನ್ನ ಇನ್ನೊಂದನ್ನು ಹಿಡಿದಿರಬೇಕು. ರಸ್ತೆಗಾಗಿ ಒಂದು ಸಾಲು ಮರ ಉರುಳಿತೆಂದರೆ ಅದರ ಲೋಕವೇ ಎರಡು ಹೋಳು. ನೆಲಕ್ಕಿಳಿದರೆ ನಾಯಿ, ತಂತಿ ಹಿಡಿದರೆ ವಿದ್ಯುತ್ತು. ಮಾಟಮಂತ್ರಕ್ಕೆಂದು ಹಿಡಿಯುವವರ ಕಾಟ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಹಿಡಿಯುವವನನ್ನು ಶಿಕ್ಷಿಸಬಲ್ಲುದು. ಕಡಿದುಹೋದ ದಾರಿಯನ್ನು ಜೋಡಿಸಲಾರದು.

ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿಯೂ ಕಾಡುಪಾಪಗಳಿವೆ. ಎರಡು ಆವರಣಗಳ ನಡುವಿನ ದೂರ ಕೆಲವೇ ಮೈಲಿ. ಮನುಷ್ಯರಿಗೆ ಅದು ಬಸ್ಸಿನ ಹಾದಿ; ಕಾಡುಪಾಪಕ್ಕೆ ದಾಟಲಾಗದ ಕಡಲು.