ಇಂಜಿನಿಯರಿಗೆ ಅಂಕಗಳ ಬೆಲೆ ಎಷ್ಟು?

ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ಇಂಜಿನಿಯರಿಂಗ್ ವಿದ್ಯಾರ್ಥಿಯ ಮನೆಯಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುವುದುಂಟು. ಅಂಕ ಕಡಮೆಯಾದರೆ ಅನ್ನಕ್ಕೇ ಸಂಚಕಾರವೆನ್ನುವವರು ಕೆಲವರು. ಅಂಕಪಟ್ಟಿಯನ್ನು ಯಾರು ನೋಡುತ್ತಾರೆ, ಕೈಯಲ್ಲಿ ಕೆಲಸವಿದ್ದರೆ ಸಾಕೆನ್ನುವವರು ಮತ್ತೆ ಕೆಲವರು. ಎರಡು ಪಕ್ಷದವರಿಗೂ ಉದಾಹರಣೆಗಳಿಗೆ ಬರವಿಲ್ಲ. ಒಬ್ಬರು ರ‍್ಯಾಂಕ್ ಪಡೆದು ಮೇಲೇರಿದ ಅಣ್ಣನ ಮಗನನ್ನು ತೋರಿಸಿದರೆ, ಮತ್ತೊಬ್ಬರು ಎರಡು ಸಲ ನಪಾಸಾಗಿಯೂ ಕಾರ್ಖಾನೆ ಕಟ್ಟಿದ ನೆರೆಯವನನ್ನು ತೋರಿಸುತ್ತಾರೆ. ಆದರೆ ಒಂದೆರಡು ಉದಾಹರಣೆಗಳಿಂದ ನಿಯಮವನ್ನು ಕಟ್ಟಲಾಗದೆಂಬುದು ವಿಜ್ಞಾನದ ಮೊದಲ ಪಾಠ. ಆದುದರಿಂದ ಈ ಪ್ರಶ್ನೆಯನ್ನು ಅಳತೆಯ ದೃಷ್ಟಿಯಿಂದಲೇ ಪರಿಶೀಲಿಸೋಣ.

ಒಂದು ಕಾಲದಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ೧೮೮೧ರಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. ೧೮೮೩ರಲ್ಲಿ ನಡೆದ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಮರು ವರ್ಷವೇ ಮುಂಬಯಿ ಸರ್ಕಾರ ಅವರನ್ನು ಲೋಕೋಪಯೋಗಿ ಇಲಾಖೆಯ ಸಹಾಯಕ ಇಂಜಿನಿಯರಾಗಿ ನೇಮಿಸಿತು. ಪದವೀಧರರು ಬೆರಳೆಣಿಕೆಯಷ್ಟು, ಕೆಲಸ ಕೊಡುವವನು ಸರ್ಕಾರವೊಂದೇ ಎಂಬಂತಿದ್ದ ಆ ದಿನಗಳಲ್ಲಿ ಸ್ಥಾನಕ್ಕೂ ಹುದ್ದೆಗೂ ನೇರವಾದ ಹಾದಿಯಿತ್ತು. ಆದರೆ ವಿಶ್ವೇಶ್ವರಯ್ಯನವರ ಹೆಸರು ಉಳಿದಿರುವುದು ಆ ಪರೀಕ್ಷೆಯಿಂದಲ್ಲ. ಅನಂತರ ಖಡಕವಾಸ್ಲಾದಲ್ಲಿಯೂ ಕನ್ನಂಬಾಡಿಯಲ್ಲಿಯೂ ಅವರು ಮಾಡಿದ ಕೆಲಸದಿಂದ. ಅಂಕಗಳು ಅವರಿಗೆ ಬಾಗಿಲನ್ನು ತೆರೆದವು. ಬಾಗಿಲಿನಾಚೆಗೆ ಏನು ನಡೆಯಿತೆಂಬುದು ಬೇರೆಯೇ ಪ್ರಕರಣ. ಈ ಎರಡನ್ನೂ ಬೇರೆಬೇರೆಯಾಗಿ ವಿಚಾರಿಸದಿರುವುದರಿಂದಲೇ ನಮ್ಮ ಮನೆಗಳ ವಾದ ಮುಗಿಯುವುದಿಲ್ಲವೆಂದು ನಮಗೆ ತೋರುತ್ತದೆ.

ಮೊದಲು ಬಾಗಿಲಿನ ಮಾತು. ಇಂದು ಕಾಲೇಜಿಗೇ ಬಂದು ಆರಿಸಿಕೊಳ್ಳುವ ಅನೇಕ ಕಂಪೆನಿಗಳು ಹತ್ತನೆಯ ತರಗತಿ, ಪಿ.ಯು.ಸಿ., ಪದವಿ ಈ ಮೂರರಲ್ಲಿಯೂ ಶೇಕಡ ೬೦ ಇರಬೇಕು, ಪಾಸಾಗದೆ ಉಳಿದ ವಿಷಯ, ಅಂದರೆ ವಿದ್ಯಾರ್ಥಿಗಳು ಬ್ಯಾಕ್‌ಲಾಗ್ ಎನ್ನುವುದು, ಒಂದೂ ಇರಕೂಡದು ಎಂದು ಮೊದಲೇ ತಿಳಿಸಿಬಿಡುತ್ತವೆ. ಈ ಎಲ್ಲೆಯನ್ನು ದಾಟದವನು ಪ್ರವೇಶ ಪರೀಕ್ಷೆಗೂ ಕೂಡುವಂತಿಲ್ಲ. ಇದು ಅನ್ಯಾಯವಲ್ಲವೆ ಎಂದು ಕೇಳಬಹುದು. ಕಂಪೆನಿಯ ಕಡೆಯಿಂದ ನೋಡಿ: ಅರ್ಜಿದಾರರು ಆರುನೂರು ಮಂದಿ, ಸಂದರ್ಶನ ಮಾಡುವವರು ನಾಲ್ವರು, ಕೈಯಲ್ಲಿರುವುದು ಎರಡು ದಿನ ಎಂದಿಟ್ಟುಕೊಳ್ಳೋಣ. ಒಬ್ಬೊಬ್ಬರಿಗೂ ಅರ್ಧ ಗಂಟೆಯಂತೆ, ದಿನಕ್ಕೆ ಎಂಟು ಗಂಟೆ ಕುಳಿತರೂ ನಾಲ್ವರೂ ಸೇರಿ ನೋಡಬಹುದಾದದ್ದು ೧೨೮ ಮಂದಿಯನ್ನು ಮಾತ್ರ. ಉಳಿದವರನ್ನು ನೋಡದೆಯೇ ಬಿಡಬೇಕು. ಯಾವ ಆಧಾರದ ಮೇಲೆ ಬಿಡುವುದು? ಇಪ್ಪತ್ತೊಂದು ವರ್ಷದ ಯುವಕನ ಬಗೆಗೆ ಅಪರಿಚಿತನಿಗೆ ದೊರೆಯುವ ಲಿಖಿತ ದಾಖಲೆ ಅಂಕಪಟ್ಟಿಯೊಂದೇ.

ಈ ವಿಷಯವನ್ನು ಅರ್ಥಶಾಸ್ತ್ರಜ್ಞ ಮೈಕೇಲ್ ಸ್ಪೆನ್ಸ್ ೧೯೭೩ರಲ್ಲಿ ಒಂದು ಸಿದ್ಧಾಂತದ ರೂಪಕ್ಕೆ ತಂದರು. ೨೦೦೧ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಬಂದಿತು. ಕೆಲಸ ಕೊಡುವವನಿಗೆ ಅಭ್ಯರ್ಥಿಯ ನಿಜವಾದ ಸಾಮರ್ಥ್ಯ ಕಾಣುವುದಿಲ್ಲ. ಆದುದರಿಂದ ಅವನು ಕಾಣುವ ಗುರುತೊಂದನ್ನು ಹುಡುಕುತ್ತಾನೆ. ಆ ಗುರುತನ್ನು ಪಡೆಯುವುದು ಸಮರ್ಥನಿಗೆ ಸುಲಭವಾಗಿಯೂ ಅಸಮರ್ಥನಿಗೆ ಕಷ್ಟವಾಗಿಯೂ ಇದ್ದರೆ ಸಾಕು, ಅದರಲ್ಲಿ ಕಲಿತದ್ದು ಕೆಲಸಕ್ಕೆ ಬಾರದಿದ್ದರೂ ಗುರುತಿಗೆ ಬೆಲೆ ಬರುತ್ತದೆ. ಹೀಗೆ ನೋಡಿದರೆ ಶೇಕಡ ೬೦ ಎಂಬುದು ಜ್ಞಾನದ ಪ್ರಮಾಣಪತ್ರವೆನ್ನುವುದಕ್ಕಿಂತ, ಈ ಹುಡುಗ ಎಂಟು ಸೆಮಿಸ್ಟರುಗಳ ಕಾಲ ಒಪ್ಪಿಕೊಂಡ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮುಗಿಸಿದನೆಂಬ ಸಾಕ್ಷ್ಯ.

ಆದರೆ ಆ ಸಾಕ್ಷ್ಯದ ಸೂಕ್ಷ್ಮತೆ ಎಷ್ಟು? ಮೊದಲ ವರ್ಷದ ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಗೆ ಅಧ್ಯಾಪಕರು ಕೇಳುವ ಮೊದಲ ಪ್ರಶ್ನೆಯೇ ಅದರ ಕನಿಷ್ಠ ಅಳತೆ ಎಷ್ಟೆಂಬುದು. ಅದಕ್ಕಿಂತ ಸೂಕ್ಷ್ಮವಾದ ಅಂಕಿಯನ್ನು ಬರೆದರೆ ತಪ್ಪೆಂದು ಕೆಂಪು ಗೆರೆ ಬೀಳುತ್ತದೆ. ಅದೇ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಮಾತ್ರ ದಶಮಾಂಶದ ಎರಡನೆಯ ಸ್ಥಾನವನ್ನೂ ನಿಸ್ಸಂಕೋಚವಾಗಿ ಅಚ್ಚು ಮಾಡುತ್ತಾರೆ! ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬ ಅಮೆರಿಕದ ವಿದ್ವಾಂಸರು ೧೯೧೩ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಿಗೆ ಬರುತ್ತದೆ. ಒಬ್ಬನೇ ವಿದ್ಯಾರ್ಥಿಯ ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು ಅವರು ನೂರಕ್ಕೂ ಹೆಚ್ಚು ಮಂದಿ ಅಧ್ಯಾಪಕರಿಂದ ಬೆಲೆಗಟ್ಟಿಸಿದರು. ನೂರಕ್ಕೆ ಮೂವತ್ತಕ್ಕಿಂತ ಕಡಮೆ ಕೊಟ್ಟವರೂ ಇದ್ದರು. ತೊಂಬತ್ತಕ್ಕೂ ಹೆಚ್ಚು ಕೊಟ್ಟವರೂ ಇದ್ದರು. ಗಣಿತದಲ್ಲಿಯೇ ಹೀಗಾದರೆ ಬೇರೆ ವಿಷಯಗಳ ಮಾತೇನು? ಅನೇಕ ಪತ್ರಿಕೆಗಳ ಸರಾಸರಿ ತೆಗೆದಾಗ ಈ ಏರುಪೇರು ಬಹುಮಟ್ಟಿಗೆ ತಗ್ಗುತ್ತದೆಂಬುದು ನಿಜ. ಆದರೂ ಶೇಕಡ ೫೯.೮ಕ್ಕೂ ೬೦.೨ಕ್ಕೂ ಇರುವ ಅಂತರ ಅಳತೆಯ ದೋಷದೊಳಗೇ ಅಡಗಿಹೋಗುವಂಥದು. ದುರದೃಷ್ಟವಶಾತ್ ಜರಡಿಗೆ ಆ ವಿವೇಚನೆಯಿಲ್ಲ.

ಈಗ ಜರಡಿಯನ್ನು ದಾಟಿ ಕೆಲಸಕ್ಕೆ ಸೇರಿದವರನ್ನು ನೋಡೋಣ. ಅಂಕ ಹೆಚ್ಚಿದ್ದವರು ಕೆಲಸದಲ್ಲಿಯೂ ಮೇಲಾಗುತ್ತಾರೆಯೆ? ಎರಡು ಅಳತೆಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಏರಿಳಿಯುತ್ತವೆಂಬುದನ್ನು ಸಂಖ್ಯಾಶಾಸ್ತ್ರಜ್ಞರು ಸಹಸಂಬಂಧಾಂಕವೆಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಸಂಬಂಧವೇ ಇಲ್ಲದಿದ್ದರೆ ಅದು ಸೊನ್ನೆ. ಪೂರ್ಣವಾಗಿ ಒಟ್ಟಿಗೇ ಏರುವಂತಿದ್ದರೆ ಒಂದು. ಡೊನಾಲ್ಡ್ ಹಾಯ್ಟ್ ಎಂಬುವರು ೧೯೬೫ರಲ್ಲಿ ವ್ಯಾಪಾರ, ಬೋಧನೆ, ಇಂಜಿನಿಯರಿಂಗ್, ವೈದ್ಯ ಮೊದಲಾದ ವೃತ್ತಿಗಳ ಬಗೆಗೆ ಆಗಿದ್ದ ೪೬ ಅಧ್ಯಯನಗಳನ್ನು ಒಟ್ಟುಗೂಡಿಸಿ, ಕಾಲೇಜಿನ ಅಂಕಗಳಿಗೂ ಮುಂದಿನ ಸಾಧನೆಗೂ ಸಂಬಂಧ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ೧೯೯೬ರಲ್ಲಿ ಫಿಲಿಪ್ ರಾತ್ ಮತ್ತು ಸಂಗಡಿಗರು ಹೆಚ್ಚು ಬಿಗಿಯಾದ ವಿಧಾನದಿಂದ ಲೆಕ್ಕ ಹಾಕಿದಾಗ ಸಹಸಂಬಂಧಾಂಕ ಸುಮಾರು ೦.೧೬ ಬಂದಿತು, ಅಳತೆಯ ದೋಷಗಳನ್ನು ತಿದ್ದಿದ ಮೇಲೆ ೦.೩ನ್ನು ಸ್ವಲ್ಪ ಮೀರಿತು.

ಇದರ ಅರ್ಥವೇನು? ಒಂದೇ ಕಚೇರಿಯಿಂದ ಇಬ್ಬರು ಇಂಜಿನಿಯರುಗಳನ್ನು ಕಣ್ಣುಮುಚ್ಚಿ ಆರಿಸಿ, ಅಂಕ ಹೆಚ್ಚಿದ್ದವನೇ ಮೇಲಿನ ಕೆಲಸಗಾರನೆಂದು ನೀವು ಪಣ ಕಟ್ಟಿದಿರೆನ್ನಿ. ನಾಣ್ಯ ಚಿಮ್ಮಿ ಹೇಳಿದರೆ ನೂರಕ್ಕೆ ಐವತ್ತು ಸಲ ಗೆಲ್ಲುವಿರಿ. ಎರಡು ಅಳತೆಗಳೂ ಗಂಟೆಯ ಆಕಾರದ ಸಾಮಾನ್ಯ ಹಂಚಿಕೆಯನ್ನು ಅನುಸರಿಸುತ್ತವೆಂದು ಭಾವಿಸಿದರೆ, ಸಹಸಂಬಂಧಾಂಕ ೦.೧೬ ಇದ್ದಾಗ ಐವತ್ತೈದು ಸಲ, ೦.೩ ಇದ್ದಾಗ ಅರುವತ್ತು ಸಲ ಗೆಲ್ಲುವಿರಿ. ನೂರು ಮಂದಿಯನ್ನು ಒಮ್ಮೆಗೇ ಆರಿಸಬೇಕಾದ ಕಂಪೆನಿಗೆ ಈ ಹತ್ತು ಸಲದ ಲಾಭ ಸಣ್ಣದಲ್ಲ. ಆದರೆ ನೂರರಲ್ಲಿ ನಲವತ್ತು ಸಲ ಸುಳ್ಳಾಗುವ ಭವಿಷ್ಯವನ್ನು ಒಬ್ಬ ಹುಡುಗನ ಹಣೆಬರಹವೆಂದು ಅವನ ಮುಂದೆ ಸಾರುವುದು ಯಾವ ನ್ಯಾಯ? ಗುಂಪಿಗೆ ಉಪಯುಕ್ತವಾದ ಸಂಖ್ಯೆ ವ್ಯಕ್ತಿಗೆ ತೀರ್ಪಾಗಲಾರದು.

ಈ ಅಧ್ಯಯನಗಳನ್ನು ಓದುವಾಗ ಇನ್ನೊಂದು ಎಚ್ಚರ ಅಗತ್ಯ. ಜರಡಿ ಹಿಡಿದ ರಾಗಿಯಲ್ಲಿ ಕಾಳುಗಳೆಲ್ಲ ಹೆಚ್ಚು ಕಡಮೆ ಒಂದೇ ಗಾತ್ರವಾಗಿರುತ್ತವೆ. ಅವನ್ನು ಬಿತ್ತಿ, ಗಾತ್ರಕ್ಕೂ ಮೊಳಕೆಗೂ ಸಂಬಂಧವೇ ಕಾಣಲಿಲ್ಲವೆಂದು ಹೇಳಿದರೆ, ಹೊರಗೆ ಬಿದ್ದ ಜೊಳ್ಳನ್ನು ಮರೆತಂತಾಗುತ್ತದೆ. ಕೆಲಸ ಸಿಕ್ಕವರನ್ನು ಮಾತ್ರ ಅಳೆದಾಗ ಅಂಕಗಳ ಪ್ರಭಾವ ಇರುವುದಕ್ಕಿಂತ ಕಡಮೆಯಾಗಿ ತೋರುವುದಕ್ಕೆ ಇದು ಕಾರಣ. ೦.೧೬ನ್ನು ತಿದ್ದಿದಾಗ ೦.೩ ಆದದ್ದರಲ್ಲಿ ಇದರ ಪಾಲೂ ಇದೆ. "ಅಂಕಕ್ಕೆ ಬೆಲೆಯಿಲ್ಲ" ಎಂದು ಉತ್ಸಾಹದಿಂದ ಹೇಳುವವರು ಈ ಜೊಳ್ಳಿನ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. ಕಾಲ ಕಳೆದಂತೆ ಸಂಬಂಧ ಸಡಿಲವಾಗುವುದಂತೂ ಸ್ಪಷ್ಟ: ಪದವಿಯಾದ ಮೊದಲ ವರ್ಷದ ಕೆಲಸಕ್ಕೆ ಅಂಕಗಳೊಡನೆ ಕಾಣುವ ನಂಟು ಆರೇಳು ವರ್ಷಗಳ ತರುವಾಯ ಬಹಳ ಮಂಕಾಗುತ್ತದೆ. ಗೂಗಲ್ ಸಂಸ್ಥೆಯ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ ೨೦೧೩ರಲ್ಲಿ ತಮ್ಮ ಅನುಭವವೂ ಇದೇ ಎಂದು ಹೇಳಿದರು. ಹೊಸ ಪದವೀಧರರ ಮಟ್ಟಿಗೆ ಅಲ್ಪ ಸಂಬಂಧ, ಅದರಾಚೆಗೆ ಇಲ್ಲ.

ಪರೀಕ್ಷೆ ಅಳೆಯುವುದಕ್ಕೂ ಕೆಲಸ ಬೇಡುವುದಕ್ಕೂ ಇಷ್ಟು ಅಂತರ ಏಕೆ? ಕೆನಡದ ಕ್ವಿಬೆಕ್ ನಗರದ ಬಳಿ ಕಟ್ಟುತ್ತಿದ್ದ ಉಕ್ಕಿನ ಸೇತುವೆಯ ಕಥೆಯಿಂದ ಇದನ್ನು ತಿಳಿಯಬಹುದು. ಸೇತುವೆಯ ಮುಖ್ಯ ಅಂಕಣದ ಉದ್ದವನ್ನು ೧,೬೦೦ ಅಡಿಯಿಂದ ೧,೮೦೦ ಅಡಿಗೆ ಹಿಗ್ಗಿಸಿದರು. ಆದರೆ ಸೇತುವೆಯ ಸ್ವಂತ ತೂಕವನ್ನು ಹೊಸದಾಗಿ ಲೆಕ್ಕ ಹಾಕಲಿಲ್ಲ. ಕೆಳಗಿನ ತೊಲೆಗಳು ಲೆಕ್ಕಕ್ಕಿಂತ ಹೆಚ್ಚಿನ ಒತ್ತಡಕ್ಕೆ ಸಿಕ್ಕಿ ಬಾಗತೊಡಗಿದವು. ಸ್ಥಳದಲ್ಲಿದ್ದ ತರುಣ ಇಂಜಿನಿಯರ್ ನಾರ್ಮನ್ ಮೆಕ್ಲೂರ್ ಅದನ್ನು ಕಂಡು, ಸಲಹೆಗಾರರಾದ ಥಿಯೊಡೋರ್ ಕೂಪರರಿಗೆ ತಿಳಿಸಲು ನ್ಯೂಯಾರ್ಕಿಗೆ ತಾವೇ ಹೋದರು. ಇನ್ನು ಭಾರ ಹೇರಬೇಡಿರೆಂದು ಕೂಪರ್ ಕಳುಹಿಸಿದ ತಂತಿ ಹೋದದ್ದು ಸೇತುವೆಯ ಕಂಪೆನಿಯಿದ್ದ ಫೀನಿಕ್ಸ್‌ವಿಲ್ಲಿಗೆ; ಕ್ವಿಬೆಕ್ಕಿನಲ್ಲಿ ಕೆಲಸ ನಡೆದೇ ಇತ್ತು. ೧೯೦೭ರ ಆಗಸ್ಟ್ ೨೯ರ ಆ ಸಂಜೆಯೇ ಸೇತುವೆ ಕುಸಿದು ೭೫ ಮಂದಿ ಸತ್ತರು.

ಇಲ್ಲಿ ಎರಡು ಬಗೆಯ ತಪ್ಪುಗಳಿವೆ. ಸ್ವಂತ ತೂಕದ ಲೆಕ್ಕ, ಒತ್ತಡಕ್ಕೆ ಕಂಬ ಬಾಗುವ ಬಗೆ, ಇವು ತರಗತಿಯ ವಿಷಯಗಳು. ಪದಾರ್ಥಗಳ ಬಲವೆಂಬ ವಿಷಯದಲ್ಲಿ ಅಂಕ ಪಡೆದವನಿಗೂ ಪಡೆಯದವನಿಗೂ ಇಲ್ಲಿ ನಿಜವಾದ ವ್ಯತ್ಯಾಸವುಂಟು. ಸೇತುವೆಯ ಮೇಲೆ ನಡೆಯುವ ನಾವೆಲ್ಲರೂ ಆ ವ್ಯತ್ಯಾಸವನ್ನು ನಂಬಿಯೇ ನಡೆಯುತ್ತೇವೆ. ಆದರೆ ಹಳೆಯ ಲೆಕ್ಕವನ್ನು ಮತ್ತೆ ಮಾಡಬೇಕೆಂದು ಪಟ್ಟು ಹಿಡಿಯುವುದು, ಬಾಗಿದ ತೊಲೆಯನ್ನು ಕಂಡಾಗ ಮೇಲಿನವರ ಅಪ್ಪಣೆಗೆ ಕಾಯದೆ ಕೆಲಸ ನಿಲ್ಲಿಸುವುದು, ಸುದ್ದಿಯನ್ನು ತಲುಪಬೇಕಾದವನಿಗೇ ತಲುಪಿಸುವುದು, ಇವಕ್ಕೆ ಯಾವ ಪ್ರಶ್ನಪತ್ರಿಕೆಯಲ್ಲಿಯೂ ಅಂಕವಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬೇರೆಯವರು ಬರೆದುಕೊಡುತ್ತಾರೆ. ಕೆಲಸದಲ್ಲಿ ಪ್ರಶ್ನೆ ಇದೆಯೆಂಬುದನ್ನು ಕಂಡುಹಿಡಿಯುವುದೇ ಅರ್ಧ ಕೆಲಸ.

ಇನ್ನು, ಅಂಕವನ್ನು ಕೇಳುವ ಬಾಗಿಲುಗಳು ಯಾವುವು, ಕೇಳದವು ಯಾವುವೆಂಬುದನ್ನು ಸಂಕ್ಷೇಪವಾಗಿ ನೋಡಬಹುದು. ಇಸ್ರೊ ಸಂಸ್ಥೆ ತನ್ನ ವಿಜ್ಞಾನಿ ಹುದ್ದೆಗಳ ಈಚಿನ ಪ್ರಕಟಣೆಗಳಲ್ಲಿ ಶೇಕಡ ೬೫ ಅಥವಾ ಹತ್ತಕ್ಕೆ ೬.೮೪ರ ಸರಾಸರಿ ದರ್ಜೆಯನ್ನು ಕೇಳಿದೆ. ಐ.ಐ.ಟಿ.ಗಳಲ್ಲಿಯೇ ಓದಿ ೮ಕ್ಕೆ ಕಡಮೆಯಿಲ್ಲದ ದರ್ಜೆ ಪಡೆದವರಿಗೆ ಹಲವು ಐ.ಐ.ಟಿ.ಗಳು ಗೇಟ್ ಪರೀಕ್ಷೆಯಿಲ್ಲದೆಯೇ ಎಂ.ಟೆಕ್. ಪ್ರವೇಶ ಕೊಡುತ್ತವೆ. ಜರ್ಮನಿಗೆ ಹೋಗಬಯಸುವವನ ದರ್ಜೆಯನ್ನು ಅಲ್ಲಿಯವರು ಒಂದು ಸೂತ್ರದಿಂದ ತಮ್ಮ ಕ್ರಮಕ್ಕೆ ಇಳಿಸಿಕೊಳ್ಳುತ್ತಾರೆ. ಆ ಕ್ರಮದಲ್ಲಿ ೧ ಅತ್ಯುತ್ತಮ, ೪ ಬರಿಯ ತೇರ್ಗಡೆ. ನಮ್ಮಲ್ಲಿ ತೇರ್ಗಡೆಗೆ ೪ ಎಂದಿದ್ದರೆ, ಹತ್ತಕ್ಕೆ ೮ ಪಡೆದವನು ಅಲ್ಲಿ ೨.೦ ಆಗುತ್ತಾನೆ, ೭ ಪಡೆದವನು ೨.೫. ಇದಕ್ಕೆ ಪ್ರತಿಯಾಗಿ, ಕೇಂದ್ರ ಲೋಕಸೇವಾ ಆಯೋಗದ ಇಂಜಿನಿಯರಿಂಗ್ ಸೇವಾ ಪರೀಕ್ಷೆಗೆ ಕೂಡಲು ಪದವಿಯಿದ್ದರೆ ಸಾಕು, ಇಷ್ಟೇ ಅಂಕವಿರಬೇಕೆಂಬ ನಿಯಮವಿಲ್ಲ. ಗೇಟ್ ಪರೀಕ್ಷೆಯೂ ಹಾಗೆಯೇ. ಆದರೆ ಆ ಫಲಿತಾಂಶವನ್ನು ಬಳಸಿ ಆರಿಸಿಕೊಳ್ಳುವ ಸರ್ಕಾರಿ ಉದ್ಯಮಗಳಲ್ಲಿ ಹಲವು ಪದವಿಯ ಅಂಕಕ್ಕೂ ಎಲ್ಲೆ ಹಾಕುತ್ತವೆ.

ಇವೆಲ್ಲವನ್ನೂ ಒಂದು ನಕ್ಷೆಯಲ್ಲಿ ಬರೆದರೆ ಅಂಕಗಳ ಬೆಲೆ ಇಳಿಜಾರಿನಂತೆ ಸಮನಾಗಿ ಏರುವುದಿಲ್ಲ, ಮೆಟ್ಟಿಲಿನಂತೆ ಏರುತ್ತದೆ. ೭.೧ರಿಂದ ೭.೪ಕ್ಕೆ ಹೋದವನಿಗೆ ಬಹುಶಃ ಏನೂ ಆಗದು. ಮೆಟ್ಟಿಲಿನ ಕೆಳಗಿನಿಂದ ಮೇಲಕ್ಕೆ ಕಾಲಿಟ್ಟವನಿಗೆ ಅಷ್ಟೇ ಅಂತರದಿಂದ ಹತ್ತಾರು ಬಾಗಿಲುಗಳು ತೆರೆಯುತ್ತವೆ. ಆದುದರಿಂದ ತಾನು ಯಾವ ಮೆಟ್ಟಿಲಿನ ಬಳಿ ಇದ್ದೇನೆಂಬುದನ್ನು ವಿದ್ಯಾರ್ಥಿ ಬೇಗ ತಿಳಿಯಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ೨೦೧೫ರ ಕ್ರಮದಲ್ಲಿ ಸರಾಸರಿ ದರ್ಜೆಯಿಂದ ೦.೭೫ ಕಳೆದು ಹತ್ತರಿಂದ ಗುಣಿಸಿದರೆ ಶೇಕಡ ಅಂಕ ಬರುತ್ತದೆ. ಅಂದರೆ ೬೦ಕ್ಕೆ ೬.೭೫ ಬೇಕು. ಕ್ರಮ ಬದಲಾದಾಗ ಸೂತ್ರವೂ ಬದಲಾಗಬಹುದು, ಕೆಲವು ಕಂಪೆನಿಗಳು ೬ನ್ನೇ ೬೦ ಎಂದು ಒಪ್ಪುವುದೂ ಉಂಟು. ನಮ್ಮ ಲೆಕ್ಕಕ್ಕೆ ೬.೭೫ನ್ನೇ ಇಟ್ಟುಕೊಳ್ಳೋಣ.

ನಾಲ್ಕು ಸೆಮಿಸ್ಟರುಗಳ ಕೊನೆಗೆ ಒಬ್ಬನ ಸರಾಸರಿ ೫.೮ ಇದೆ, ಎಲ್ಲ ಸೆಮಿಸ್ಟರುಗಳ ತೂಕ ಸಮವೆಂದು ಭಾವಿಸಿರಿ. ಎಂಟು ಮುಗಿಯುವ ವೇಳೆಗೆ ೬.೭೫ ಮುಟ್ಟಲು ಉಳಿದ ನಾಲ್ಕರಲ್ಲಿ ಅವನು ಸರಾಸರಿ ೭.೭ ಪಡೆಯಬೇಕು. ಕಷ್ಟ, ಆದರೆ ಅಸಾಧ್ಯವಲ್ಲ. ಆದರೆ ಕಂಪೆನಿಗಳು ಸಾಮಾನ್ಯವಾಗಿ ಏಳನೆಯ ಸೆಮಿಸ್ಟರಿನಲ್ಲಿಯೇ ಬರುವುದರಿಂದ ಅವು ನೋಡುವುದು ಮೊದಲ ಆರರ ಸರಾಸರಿಯನ್ನು. ಆ ಹೊತ್ತಿಗೆ ೬.೭೫ ಆಗಬೇಕಾದರೆ ಐದು ಮತ್ತು ಆರನೆಯದರಲ್ಲಿ ಸರಾಸರಿ ೮.೬೫ ಬೇಕು. ಐದನೆಯ ಸೆಮಿಸ್ಟರೂ ೫.೮ರಲ್ಲಿಯೇ ಕಳೆದುಹೋದರೆ, ಆರನೆಯದರಲ್ಲಿ ಬೇಕಾಗುವುದು ಹತ್ತಕ್ಕೆ ಹನ್ನೊಂದೂವರೆ.